ಫೋಟೋ ಕ್ಲಬ್ಬಿಗೆ ನಾನು ಮಾಡಿದ ಉಪಕಾರ

ಪರೋಪಕಾರ ಮಾಡುವವರಿಂದ ದೇವರೇ ಕಾಪಾಡಬೇಕು. ಈ ಮಾತನ್ನು ನಾನು ಯಾರ ಮೇಲಿನ ಸಿಟ್ಟಿನಿಂದಲೂ ಹೇಳುತ್ತಿಲ್ಲ. ಸ್ವಂತ ಅನುಭವದಿಂದ, ಅದೂ ಉಪಕಾರ ಮಾಡಿದವಳ ಕಡೆಯಿಂದ ಹೇಳುತ್ತಿದ್ದೇನೆ. ಎಪ್ಪತ್ತು ದಾಟಿದ ಹೆಂಗಸಿಗೆ ಬರುವ ಕಾಯಿಲೆಗಳಲ್ಲಿ ಹೆಚ್ಚಿನವಕ್ಕೆ ನಮ್ಮ ಬೈಲಹೊಂಗಲದ ಮೆಡಿಕಲ್ ಅಂಗಡಿಗಳಲ್ಲಿ ಗುಳಿಗೆ ಸಿಗುತ್ತದೆ. ಮೊಣಕಾಲಿಗೆ ಒಂದು, ಬಿ.ಪಿ.ಗೆ ಒಂದು, ನಿದ್ದೆಗೆ ಅರ್ಧ. ಆದರೆ "ಸೊಸೈಟಿಗೆ ಏನಾದರೂ ಮಾಡಬೇಕು" ಎಂಬ ಕಾಯಿಲೆಗೆ ಮಾತ್ರ ಯಾವ ಡಾಕ್ಟರೂ ಚೀಟಿ ಬರೆದುಕೊಡುವುದಿಲ್ಲ. ನನಗದು ಚಿಕ್ಕಂದಿನಲ್ಲೇ ಅಂಟಿತು. ಓದಿದ್ದು ಬೆಳಗಾವಿಯ ಕಾನ್ವೆಂಟಿನಲ್ಲಿ. ಸಪ್ಪಳ ಮಾಡದೆ ಸೂಪು ಕುಡಿಯುವುದು, ಕೇಳಿದ್ದಕ್ಕೆಲ್ಲ ಪೂರ್ತಿ ವಾಕ್ಯದಲ್ಲಿ ಉತ್ತರ ಕೊಡುವುದು, ಕಂಡವರಿಗೆಲ್ಲ ಹೆಲ್ಪ್ ಮಾಡುವುದು, ಇವಿಷ್ಟು ಸಿಸ್ಟರ್‌ಗಳು ನಮಗೆ ಕಲಿಸಿದ ವಿದ್ಯೆ. ಮದುವೆಯಾಗಿ ಬಂದ ಮೇಲೆ ಬೈಲಹೊಂಗಲದಲ್ಲಿ ಯಾರೂ ನನಗೆ ಸೂಪು ಕೊಡಲಿಲ್ಲ. ಉಳಿದೆರಡು ವಿದ್ಯೆಗಳು ಇವತ್ತಿಗೂ ತಂಟೆ ತಂದು ಹಾಕುತ್ತಲೇ ಇವೆ.

ಎರಡು ವರ್ಷದ ಹಿಂದೆ ಮೊಣಕಾಲಿಗೆ ಶಾಖ ಕೊಡಿಸಿಕೊಳ್ಳಲು ಫಿಜಿಯೋಥೆರಪಿಗೆ ಹೋಗುತ್ತಿದ್ದೆ. ನೀಲವ್ವನ ಪರಿಚಯವಾದದ್ದು ಅಲ್ಲಿ. ಕಿತ್ತೂರಿನವಳು, ನಲವತ್ತರ ಹತ್ತಿರದ ವಯಸ್ಸು. ಎಳವೆಯಲ್ಲಿ ಪೋಲಿಯೋ ಆಗಿ ಎಡಗಾಲು ಸಣ್ಣಗಾಗಿದೆ. ಕಬ್ಬಿಣದ ಪಟ್ಟಿಯ ಬೂಟು ಹಾಕಿಕೊಂಡು, ಕಂಕುಳಲ್ಲಿ ಕೋಲು ಊರಿ ನಡೆಯುತ್ತಾಳೆ. ಕಸುಬು ಕಸೂತಿ. ಇಳಕಲ್ಲ ಸೀರೆಯ ಮೇಲೆ ಗೋಪುರ, ನವಿಲು, ತುಳಸಿಕಟ್ಟೆಗಳನ್ನು ಎಳೆ ಎಣಿಸಿ ಎಣಿಸಿ ಹಾಕುತ್ತಾಳೆ, ಸೀರೆ ತಿರುವಿ ಹಾಕಿದರೂ ಯಾವುದು ಒಳಮೈ ಯಾವುದು ಹೊರಮೈ ತಿಳಿಯುವುದಿಲ್ಲ. ಆ ದಿನ ಅವಳು ಮೊಬೈಲಿನಲ್ಲಿ ತಾನು ತೆಗೆದ ಒಂದು ಫೋಟೋ ತೋರಿಸಿದಳು. ಅದೇ ವೇಟಿಂಗ್ ರೂಮಿನ ಬೆಂಚು. ಸಾಲಾಗಿ ಕೂತ ಏಳೆಂಟು ಮುದುಕ ಮುದುಕಿಯರ ಬರೀ ಕೈಗಳು. ಕೋಲಿನ ಮೇಲೆ ಒಂದು, ತೊಡೆಯ ಮೇಲೆ ಒಂದು, ಪಾಳಿಯ ಚೀಟಿಯನ್ನು ಮಡಚಿ ಮಡಚಿ ಕಡಲೆಕಾಳಿನಷ್ಟು ಮಾಡಿದ್ದು ಒಂದು. ಆ ಚೀಟಿ ಹಿಡಿದ ಕೈ ನನ್ನದೇ ಎಂದು ಬಳೆಯಿಂದ ಗುರುತಾಯಿತು. ಇಂಥ ಹೊತ್ತಿನಲ್ಲಿ ಬುದ್ಧಿವಂತರು ನೀರು ಕುಡಿಯುತ್ತಾರೆ. ನಾನು "ನೀಲವ್ವಾ, ವೀ ಮಸ್ಟ್ ಸ್ಟಾರ್ಟ್ ಎ ಕ್ಲಬ್!" ಎಂದೆ.

"ಏನ್ರಿ ಅಕ್ಕೋರ?" ಎಂದಳು ಅವಳು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ್ದರಿಂದ ಊರಿಗೆಲ್ಲ ನಾನು ಅಕ್ಕೋರೇ.

"ಫೋಟೋಗ್ರಫಿ ಕ್ಲಬ್. ನಿನ್ನಂಥ ಆರ್ಟಿಸ್ಟ್‌ಗಳಿಗೆ. ಇನ್‌ಕ್ಲೂಸಿವ್!"

ಮನೆಗೆ ಬಂದು ನಮ್ಮ ವೈನಿಗೆ ಹೇಳಿದೆ. ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಇಬ್ಬರೂ ಗಂಡಂದಿರನ್ನು ಕಳೆದುಕೊಂಡ ಮೇಲೆ ಒಂದೇ ಮನೆಯಲ್ಲಿದ್ದೇವೆ. ನನಗಿಂತ ನಾಲ್ಕು ವರ್ಷ ದೊಡ್ಡವಳು, ನಾಲಿಗೆ ಇನ್ನೂ ಹದಿನಾರರದು. ಶೇಂಗಾ ಸುಲಿಯುತ್ತ ಕೂತಿದ್ದವಳು ತಲೆ ಎತ್ತದೆ ಹೇಳಿದಳು: "ಇಷ್ಟು ದಿನ ನೀ ಒಬ್ಬಾಕಿನ ಕುಂಟಕೋತ ಅಡ್ಡಾಡ್ತಿದ್ದಿ. ಈಗ ಸಂಘನ ಕಟ್ಟೀಯೇನು?" ವೈನಿಗೆ ಸೆನ್ಸಿಟಿವಿಟಿ ಎಂಬುದು ಇಲ್ಲ. ಅದು ನನ್ನಲ್ಲಿ ಧಾರಾಳವಾಗಿದೆ ಎಂದು ನಾನು ಆಗ ನಂಬಿದ್ದೆ.

ಮೆಂಬರುಗಳು ಸಿಕ್ಕರು. ಸಿರಸಂಗಿಯಿಂದ ಈರಪ್ಪ ಬಂದ. ಹುಟ್ಟಿದಾಗಿನಿಂದ ಕಣ್ಣಿಲ್ಲ, ಭಜನೆಗೆ ಹಾರ್ಮೋನಿಯಂ ಪೇಟಿ ಬಾರಿಸುತ್ತಾನೆ. ನೀನು ಯಾಕೆ ಫೋಟೋ ಕಲಿಯಬೇಕು ಅನ್ನುತ್ತೀ ಎಂದು ಕೇಳಿದ್ದಕ್ಕೆ, "ಎಲ್ಲಾರೂ ನನ್ನ ಫೋಟೋ ತಗದಾರ್ರಿ ಅಕ್ಕೋರ. ಬಿಳೀ ಕೋಲು ಕೊಡೂ ಮುಂದ, ಕರೀ ಚಸ್ಮಾ ಹಾಕೂ ಮುಂದ, ಶಾಲು ಹೊಚ್ಚೂ ಮುಂದ. ಒಮ್ಮೆರ ನಾ ಅವ್ರದು ತಗೀಬೇಕಲ್ರಿ?" ಎಂದ. ರಾಮದುರ್ಗದಿಂದ ದಾವಲಸಾಬ ಬಂದ. ಅಂಗಡಿಗಳ ಬೋರ್ಡು ಬರೆಯುವ ಪೇಂಟರು. ಕಿವಿ ಕೇಳುವುದಿಲ್ಲ, ಮಾತಿಲ್ಲ. ವಾಟ್ಸಾಪಿನಲ್ಲಿ ಮಾತ್ರ ಅವನಷ್ಟು ವಾಚಾಳಿ ಇನ್ನೊಬ್ಬನಿಲ್ಲ. ಊರಿಗೆಲ್ಲ ಫ್ಲೆಕ್ಸ್ ಬಂದು ಅವನ ಕುಂಚಕ್ಕೆ ಕೆಲಸ ಕಡಿಮೆಯಾಗಿತ್ತು.

ಕ್ಲಬ್ಬಿಗೆ ಹೆಸರಿಡಲು ಮೂರು ತಿಂಗಳು ಹಿಡಿಯಿತು, ಏಕೆಂದರೆ ಸೆನ್ಸಿಟಿವಿಟಿಯ ಜವಾಬ್ದಾರಿ ನನ್ನ ಮೇಲಿತ್ತು. ಅಂಗವಿಕಲ ಎನ್ನುವಂತಿಲ್ಲ. ವಿಕಲಚೇತನ ಎಂದರೆ ಚೇತನಕ್ಕೇನಾಗಿದೆ? ವಿಶೇಷಚೇತನ ಎಂದರೆ ದೇವರ ಹೆಸರಿನ ಹಾಗೆ ಕೇಳಿಸುತ್ತದೆ. ನನ್ನ ಜೊತೆ ಕೆಲಸ ಮಾಡಿ ರಿಟೈರ್ ಆದ ಕನ್ನಡದ ಮಾಸ್ತರರು "ಸರ್ವಸಮನ್ವಯ ಛಾಯಾಗ್ರಹಣಾಸಕ್ತ ಕಲಾವಿದರ ಬಳಗ" ಎಂದು ಬರೆದುಕೊಟ್ಟರು. ಈರಪ್ಪ ಅದನ್ನು ಕೇಳಿ, "ಬೋರ್ಡ್ ಬರಿಯೂ ಮುಂದ ದಾವಲಸಾಬಗ ನಿಮ್ಮ ಗ್ವಾಡಿ ಸಾಲೂದಿಲ್ರಿ, ಬಾಜೂ ಮನಿಯವ್ರದೂ ಕೇಳ್ಬೇಕಾಗ್ತೈತಿ" ಎಂದ. ನಾವು ಇನ್ನೂ ಚರ್ಚೆಯಲ್ಲಿರುವಾಗ ದಾವಲಸಾಬ ಒಂದು ಹಲಗೆಯ ಮೇಲೆ ನೀಲಿ ಬಣ್ಣದಲ್ಲಿ "ಎಲ್ಲಾರ ಫೋಟೋ ಕ್ಲಬ್" ಎಂದು ಬರೆದು ತಂದು ನಿಲ್ಲಿಸಿದ. ಅದೇ ಹೆಸರಾಯಿತು. ಮಿನಿಟ್ಸ್ ಪುಸ್ತಕದಲ್ಲಿ ಮಾತ್ರ "ಸುದೀರ್ಘ ಚರ್ಚೆಯ ನಂತರ ಸರ್ವಾನುಮತದಿಂದ" ಎಂದು ನಾನು ಬರೆದೆ.

ಮೊದಲ ಮೀಟಿಂಗಿಗೆ ನಾನು ಹಿಡಿದ ಜಾಗದ ಬಗ್ಗೆ ಹೇಳಲೋ ಬೇಡವೋ ಎಂದು ಯೋಚಿಸಿದೆ. ಹೇಳಿಯೇ ಬಿಡುತ್ತೇನೆ. ಮಾರ್ಕೆಟ್ ಹತ್ತಿರ ಪರಿಚಯದವರೊಬ್ಬರ ಹಾಲ್. ಫ್ಯಾನಿದೆ, ಬೆಳಕಿದೆ, ಗೋಡೆಗೆ ಒಳ್ಳೆಯ ಸುಣ್ಣವಿದೆ. ಎಲ್ಲ ಅವರು ಮೊಬೈಲಿಗೆ ಕಳಿಸಿದ ಫೋಟೋದಲ್ಲಿ ನೋಡಿಕೊಂಡಿದ್ದೆ. ಭಾನುವಾರ ಬೆಳಿಗ್ಗೆ ನೀಲವ್ವ ಕೆಳಗೆ ನಿಂತು ಮೇಲೆ ನೋಡಿದಳು. "ಅಕ್ಕೋರ, ಕ್ಲಬ್ ಮ್ಯಾಲ ಐತೇನ್ರಿ?" ಇಪ್ಪತ್ತೆರಡು ಮೆಟ್ಟಿಲು. ನಾನು ಹನ್ನೊಂದನೆಯದರಲ್ಲಿ ಕಟಕಟೆ ಹಿಡಿದು ಏದುಸಿರು ಬಿಡುತ್ತಿದ್ದೆ. ಹತ್ತಲೂ ಆಗದು, ಇಳಿಯಲೂ ಆಗದು. ಕಣ್ಣು ಕಾಣದ ಈರಪ್ಪನೇ ಮೇಲೆ ಬಂದು ನನ್ನ ಕೈ ಹಿಡಿದು ಇಳಿಸಿಕೊಂಡು ಹೋದ. ಅಂದಿನಿಂದ ಕ್ಲಬ್ಬು ನಮ್ಮ ಮನೆಯ ಪಡಸಾಲೆಗೆ ಬಂತು. ವೈನಿ ಚುರಮರಿ ಕಲೆಸಿ ಕೊಡುತ್ತಾಳೆ, ಚಹಾ ಮಾಡುತ್ತಾಳೆ, ಬಂದವರನ್ನೆಲ್ಲ ಬೈಯುತ್ತಾಳೆ. ಅವಳು ಬೈಯುವುದರಲ್ಲಿ ಯಾವ ಭೇದಭಾವವೂ ಇಲ್ಲ. ಈಗ ಯೋಚಿಸಿದರೆ, ಆ ಕ್ಲಬ್ಬಿನಲ್ಲಿ ಇನ್‌ಕ್ಲೂಸಿವ್ ಆಗಿದ್ದವಳು ಅವಳೊಬ್ಬಳೇ.

ನವಿಲುತೀರ್ಥದ ಡ್ಯಾಮಿಗೆ ಒಂದು ಟ್ರಿಪ್ಪೂ ಹೋದೆವು. ಗೇಟು ಬಿಟ್ಟಿದ್ದರು, ನೀರು ಭೋರ್ಗರೆಯುತ್ತಿತ್ತು. ಈರಪ್ಪ ಸಪ್ಪಳದ ಕಡೆ ಮುಖ ಮಾಡಿ ಮೊಬೈಲು ಎತ್ತಿ ನಿಂತ. ನಾನು ಅವನ ಮೊಣಕೈ ಹಿಡಿದು "ಸ್ವಲ್ಪ ಎಡಕ್ಕ, ಇನ್ನೊಂಚೂರು ಮ್ಯಾಲ, ಕಂಪೊಸಿಷನ್ ನೋಡ್ಕೋ" ಎನ್ನುತ್ತಲೇ ಇದ್ದೆ. ಅವನು ಬಹಳ ಹೊತ್ತು ಸಹಿಸಿಕೊಂಡ. ಆಮೇಲೆ ಬಹಳ ಮರ್ಯಾದೆಯಿಂದ ಹೇಳಿದ: "ಅಕ್ಕೋರ, ನೀರಿನ ಸಪ್ಪಳ ಕೇಳವಲ್ದ್ರಿ. ಬರೇ ನಿಮ್ಮ ಸಪ್ಪಳ ಕೇಳಾಕತ್ತೈತಿ." ನಾನು ದೂರ ಹೋಗಿ ಕಲ್ಲಿನ ಮೇಲೆ ಕೂತೆ. ಆಮೇಲೆ ಅವನು ತೆಗೆದ ಫೋಟೋ ಬಹಳ ಚೆನ್ನಾಗಿ ಬಂತು. ನನಗೆ ಸಂತೋಷವಾಗಬೇಕಿತ್ತು. ಸುಸ್ತಾಯಿತು.

ಆದರೆ ನನ್ನ ಮನಸ್ಸಿನಲ್ಲಿ ಕೂತಿರುವುದು ಇದೆಲ್ಲ ಅಲ್ಲ. ಆರು ತಿಂಗಳ ಹಿಂದೆ ಒಂದು ಮೀಟಿಂಗ್ ಮುಗಿದ ಮೇಲೆ ನೀಲವ್ವ ಹಿಂದೆ ಉಳಿದಳು. ಎಳೆ ಎಣಿಸಿ ಎಣಿಸಿ ಅವಳ ಕಣ್ಣು ಮಂಜಾಗುತ್ತ ಬಂದಿದೆ. ಚಸ್ಮಾದ ನಂಬರು ಏರುತ್ತಿದೆ. ಇನ್ನು ಒಂದೆರಡು ವರ್ಷ ಸೂಜಿ ಹಿಡಿದರೆ ಹೆಚ್ಚು. "ಕ್ಯಾಮೆರಾ ಹಿಡಕೊಂಡ್ರ ಜೀವನ ನಡದೀತು ಅನ್ನಸ್ತೈತ್ರಿ" ಎಂದಳು. ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ ಒಂದನ್ನು ಆಗಲೇ ತೆಗೆದುಕೊಂಡಿದ್ದಳು. ಬಸುರಿಗೆ ಸೀಮಂತದ ಕುಬಸ, ಕೂಸಿಗೆ ತೊಟ್ಟಿಲ, ಬಳೆ ಇಡಿಸುವುದು, ಇಂಥ ಹೆಂಗಸರ ಕಾರ್ಯಗಳಿಗೆ ಹೆಣ್ಣು ಫೋಟೋಗ್ರಾಫರ್ ಸಿಕ್ಕರೆ ಮನೆಯವರಿಗೂ ಸಲೀಸು. ಆದರೆ ಕರೆಯುವವರು ಬೇಕಲ್ಲ. "ನಿಮ್ಮ ಬಳಗದಾಗ ಸವದತ್ತಿಯೊಳಗ ಕುಬಸ ಐತೆಂತಲ್ರಿ. ವೈನಿಯಾರು ಅಂದ್ರು. ಒಂದ ಮಾತು ಹೇಳ್ರಿ ಅಕ್ಕೋರ. ಒಂದ ಕುಬಸ ಸಾಕು. ಹತ್ತ ಮನಿ ಹೆಣಮಕ್ಕಳು ಬಂದಿರ್ತಾರ. ನೋಡಿದ್ರ ಅವ್ರ ಕರೀತಾರ." ಎರಡು ವರ್ಷದಲ್ಲಿ ಅವಳು ನನ್ನಿಂದ ಕೇಳಿದ್ದು ಅದೊಂದೇ. ಉಳಿದದ್ದೆಲ್ಲ ನಾನಾಗಿಯೇ ಕೊಟ್ಟದ್ದು.

ಕುಬಸವಿದ್ದದ್ದು ನನ್ನ ತಂಗಿಯ ಮಗಳು ಸುಧಾಳ ಮನೆಯಲ್ಲಿ, ಅವಳ ಸೊಸೆಗೆ. ಮರುದಿನ ಬೆಳಿಗ್ಗೆಯೇ ಫೋನು ಮಾಡಿದೆ. ಒಬ್ಬ ಲೇಡಿ ಫೋಟೋಗ್ರಾಫರ್ ಇದ್ದಾಳೆ ಎಂದೆ. ಸುಧಾ ಒಂದು ಕ್ಷಣವೂ ಯೋಚಿಸಲಿಲ್ಲ. "ಅಯ್ಯ ಕಳಿಸು ಮೌಶಿ, ಛಲೋನ ಆತು! ಆ ಗಂಡಸೂರು ಬಂದು 'ಸೆರಗು ಸರಸ್ರಿ, ಹೊಟ್ಟಿ ಮ್ಯಾಲ ಕೈ ಇಡ್ರಿ' ಅಂದ್ರ ನಮ್ಮ ಸೊಸಿ ನಾಚಿ ನೀರಾಗ್ತಾಳ."

ಇಲ್ಲಿ ನಾನು ಫೋನು ಇಟ್ಟಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ. ಆದರೆ ಏನನ್ನೂ ಮುಚ್ಚಿಡಬಾರದು ಎಂದು ಕಾನ್ವೆಂಟಿನಲ್ಲಿ ಹೇಳಿಕೊಟ್ಟಿದ್ದಾರಲ್ಲ. ಜೊತೆಗೆ, ನೀಲವ್ವ ಬಾಗಿಲಲ್ಲಿ ನಿಂತಾಗ ಯಾರಾದರೂ ಪಿಳಿಪಿಳಿ ನೋಡಿ ಅವಳಿಗೆ ನೋವಾದರೆ? ಮೊದಲೇ ಎಲ್ಲರನ್ನೂ ಪ್ರಿಪೇರ್ ಮಾಡುವುದು ಒಳ್ಳೆಯದು. ಹದಿನೈದು ನಿಮಿಷ ಮಾತಾಡಿದೆ. ಪೋಲಿಯೋ ಹೇಳಿದೆ, ಬೂಟು ಹೇಳಿದೆ, ಕೋಲು ಹೇಳಿದೆ. ಯಾರೂ ದಿಟ್ಟಿಸಿ ನೋಡಬಾರದು, ಅಯ್ಯೋ ಪಾಪ ಅನ್ನಬಾರದು, ಡಿಗ್ನಿಟಿ ಮುಖ್ಯ ಎಂದೆ. ಕಡೆಗೆ, ನನ್ನ ಭಾಷಣಕ್ಕೆ ನಾನೇ ಮೆಚ್ಚಿ, "ಹಳೇ ಮಂದಿ ಏನೇನೋ ಅಂತಾರ ಸುಧಾ. ಬಸುರಿ ಹೆಣ್ಣಮಗಳು ಶುಭಕಾರ್ಯದಾಗ ಇಂಥವರನ್ನ ನೋಡಬಾರದು, ಅದು ಇದು. ಅದೆಲ್ಲಾ ಸೂಪರ್‌ಸ್ಟಿಷನ್. ನಾವು ಎಜುಕೇಟೆಡ್. ನೀ ಏನೂ ಮನಸಿಗೆ ಹಚ್ಕೋಬ್ಯಾಡ" ಎಂದೆ.

ಆ ಕಡೆ ಕುಕ್ಕರು ಎರಡು ಸಲ ಕೂಗಿತು.

"ಹೌದೇನು?" ಎಂದಳು ಕಡೆಗೆ, ಬೇರೆಯೇ ದನಿಯಲ್ಲಿ. "ಹಂಗಾದ್ರ ನಮ್ಮ ಅತ್ತಿಯವರನ್ನ ಒಂದ ಮಾತು ಕೇಳಬೇಕು ಮೌಶಿ. ಹಿರೇರು ಇದ್ದಾರಲ್ಲ."

ಒಳಗಿನಿಂದ ಎಲ್ಲ ಕೇಳಿಸಿಕೊಂಡ ವೈನಿ ಬಾಗಿಲಿಗೆ ಬಂದು ನಿಂತಳು. "ಇರಲಾರದ ಇರಬಿ ಬಿಟ್ಕೊಂಡ್ರು ಅಂತಾರ. ನೀ ಬಿಟ್ಟೀಯಲ್ಲ, ಅದೂ ಬ್ಯಾರೇದಾಕಿ ಸೀರಿಯೊಳಗ."

ಮರುದಿನ ಸುಧಾಳಿಂದ ಮೆಸೇಜು ಬಂತು. ಅತ್ತಿಯವರು ಬೇಡ ಅಂದಿದ್ದಾರೆ, ಬೇರೆ ಫೋಟೋಗ್ರಾಫರ್‌ಗೆ ಹೇಳಿದ್ದೇವೆ, ಸಾರಿ. ಕೆಳಗೆ ಕೈ ಮುಗಿದ ಎರಡು ಚಿತ್ರ. ಯಾಕೋ ಕಾನ್ವೆಂಟಿನ ಗ್ರೂಪ್ ಫೋಟೋ ನೆನಪಿಗೆ ಬಂತು. ನಮ್ಮ ಕ್ಲಾಸಿನಲ್ಲಿ ಪಾದ ತಿರುಗಿದ ಹುಡುಗಿಯೊಬ್ಬಳಿದ್ದಳು; ನಾನೂ ಅವಳೂ ಒಂದೇ ಬೆಂಚು. ಪ್ರತಿ ವರ್ಷ ಫೋಟೋ ತೆಗೆಯುವಾಗ ಸಿಸ್ಟರ್ ಅವಳನ್ನು ಮುಂದಿನ ಸಾಲಿನ ತುದಿಗೆ ಕೂರಿಸಿ ಕಾಲಿನ ಮುಂದೆ ಒಂದು ಕ್ರೋಟನ್ ಕುಂಡ ಇಡಿಸುತ್ತಿದ್ದರು. ಎಷ್ಟು ಥಾಟ್‌ಫುಲ್ ಎಂದು ನಾವೆಲ್ಲ ಮೆಚ್ಚಿಕೊಳ್ಳುತ್ತಿದ್ದೆವು. ಅವಳು ಏನೆಂದುಕೊಂಡಳೋ ನಾನು ಕೇಳಲಿಲ್ಲ. ಐದು ವರ್ಷ ಒಂದೇ ಬೆಂಚಿನಲ್ಲಿ ಕೂತರೂ ಕೇಳಲಿಲ್ಲ.

ಭಾನುವಾರ ನೀಲವ್ವ ಬಂದಳು. ಹೆಂಗಸರಿಗೆ ಬಸ್ಸು ಫ್ರೀ ಆಗಿ ಸೀಟೇ ಸಿಗದಂತಾದ ಮೇಲೆ ಕಿತ್ತೂರಿನಿಂದ ಇಲ್ಲಿಯವರೆಗೂ ಒಂದೇ ಕಾಲ ಮೇಲೆ ನಿಂತು ಬರುವುದು ಅವಳಿಗೆ ರೂಢಿಯಾಗಿದೆ. ಕ್ಯಾಮೆರಾದ ಪಟ್ಟಿಗೆ ಹೊಸದಾಗಿ ಕಸೂತಿ ಹಾಕಿಕೊಂಡಿದ್ದಳು, ಹಸಿರು ದಾರದಲ್ಲಿ ಸಣ್ಣ ಸಣ್ಣ ನವಿಲು. ಕುಬಸಕ್ಕೆಂದೇ. ಅದನ್ನು ನೋಡಿ ನನ್ನ ಬಾಯಿಂದ ಸುಳ್ಳು ಬಂತು. "ಅವರು ಫಂಕ್ಷನ್ ಸಣ್ಣದಾಗಿ ಮಾಡ್ತಾರಂತ ನೀಲವ್ವ. ಫೋಟೋ ಗೀಟೋ ಏನೂ ಇಲ್ಲಂತ."

ಅವಳು ನನ್ನನ್ನೇ ನೋಡಿದಳು. "ಕುಬಸಕ್ಕ ಫೋಟೋ ಇರೂದಿಲ್ರ್ಯಾ? ಖರೇ ಹೇಳ್ರಿ ಅಕ್ಕೋರ."

ಹೇಳಿದೆ. ಎಲ್ಲ ಹೇಳಿದೆ. ಸುಧಾಳ ಅತ್ತೆ ಹಳೇ ಕಾಲದವರು, ಎಂಬತ್ತಾರು ವರ್ಷ, ಅವರಿಗೆ ತಿಳಿಸಿ ಹೇಳುವುದು ಕಷ್ಟ ಎಂದೆ. ನಾನು ನಿನ್ನ ಪರವಾಗಿ ಹದಿನೈದು ನಿಮಿಷ ಮಾತಾಡಿದ್ದೇನೆ ಎಂದೂ ಹೇಳಿದೆ.

"ಏನೇನ ಹೇಳಿದ್ರಿ?"

ಒಂದೊಂದಾಗಿ ಹೇಳಿದೆ. ಅವಳು ಕೋಲನ್ನು ಗೋಡೆಗೆ ಒರಗಿಸಿ, ಕೂತು, ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೇಳಿದಳು: "ನಾ ಫೋಟೋ ಹೆಂಗ ತಗೀತೇನಿ ಅಂತ ಹೇಳಿದ್ರ್ಯಾ?"

ಹೇಳಿರಲಿಲ್ಲ. ಹದಿನೈದು ನಿಮಿಷದಲ್ಲಿ ಅವಳ ಕಾಲಿನ ಬಗ್ಗೆ ನನಗೆ ಗೊತ್ತಿದ್ದದ್ದೆಲ್ಲ ಹೇಳಿದ್ದೆ. ಆ ವೇಟಿಂಗ್ ರೂಮಿನ ಕೈಗಳ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

"ನಂಬರ ಕೊಡ್ರಿ" ಎಂದಳು ನೀಲವ್ವ.

ನಮ್ಮೆಲ್ಲರೆದುರಿಗೇ ಸ್ಪೀಕರು ಹಾಕಿ ಮಾತಾಡಿದಳು. "ನಮಸ್ಕಾರ್ರಿ, ನಾ ಫೋಟೋದಾಕಿ ನೀಲವ್ವ. ಹೌದ್ರಿ, ಅಕ್ಕೋರು ಹೇಳಿದಾಕಿನ. ಒಂದ ಮಾತು ಕೇಳತೇನ್ರಿ. ನಿಮ್ಮ ಸೊಸೀನ ಅಲಂಕಾರ ಮಾಡಿ ಕುರ್ಚೀ ಮ್ಯಾಲ ಕುಂದರಸ್ತೀರಿ. ಫೋಟೋದವ್ರು ನಿಂತ ತಗೀತಾರ. ಏನ್ ಬರ್ತೈತ್ರಿ ಅದರಾಗ? ಬೈತಲಿ ಬರ್ತೈತಿ, ತಲಿ ಮ್ಯಾಲಿನ ಹೂವಿನ ದಂಡಿ ಬರ್ತೈತಿ, ಹುಡಗೀ ಮಾರಿ ಬರೂದಿಲ್ಲ. ನಾ ಕುಂತ ತಗೀತೇನ್ರಿ. ಆಕೀ ಕಣ್ಣಿಗೆ ನನ್ನ ಕಣ್ಣು ಸಮಾ ಇರ್ತೈತಿ. ಆರತಿ ಮುಂದ ಎಲ್ಲಾರೂ ಬೆನ್ನ ತೋರಸ್ತೀರಿ. ಹೆಂಗ ನಿಂದರಬೇಕು ನಾ ಹೇಳತೇನಿ."

ಸುಧಾ ತಡವರಿಸಿದಳು. "ಅಲ್ಲವಾ, ನಂದೇನಿಲ್ಲ, ನಮ್ಮ ಅತ್ತಿಯವರು..."

"ಏನು? ಯಾರ ಫೋನು? ನನ್ನ ಹೆಸರು ಯಾಕ ಬಂತು ಅದರಾಗ?" ಎಂದು ಹಿಂದಿನಿಂದ ಒಂದು ಒಡಕು ದನಿ ಕೇಳಿಸಿತು. ಸ್ವಲ್ಪ ಎಳೆದಾಟದ ಸಪ್ಪಳವಾಗಿ ಫೋನು ಕೈ ಬದಲಾಯಿತು. "ಯಾರವಾ ನೀನು?"

"ಫೋಟೋದಾಕ್ರಿ ಅಜ್ಜಿ. ನನ್ನ ಕಾಲು ಒಂದೀಟು ಸೊಟ್ಟ ಐತ್ರಿ. ಕುಬಸಕ್ಕ ಬರಬಾರದು ಅಂತ ನೀವು ಅಂದ್ರಂತ."

"ನಾನಾ? ನನ್ನ ಯಾರು ಕೇಳ್ಯಾರ?" ಅಜ್ಜಿ ರೇಗಿದರು. "ಈ ಮನ್ಯಾಗ ಒಂದು ಬ್ಯಾಡ ಅನ್ನೂದಿದ್ರ ನನ್ನ ಹೆಸರು ಹೇಳಿ ಕೈ ತೊಳಕೋತಾರ. ನೀ ಬಾರವಾ. ಬಂದಾಕಿ ಮೊದಲ ನನ್ನ ಫೋಟೋ ತಗಿ. ಆ ಆಧಾರ ಕಾರ್ಡಿನ್ಯಾಗ ನಾ ಥೇಟ್ ಕಳ್ಳಿ ಕಂಡಂಗ ಕಾಣ್ತೀನಿ."

ನೀಲವ್ವ ಹೋದಳು. ನಾನೂ ಹೋಗಿದ್ದೆ, ಬಂಧುವಾಗಿ. ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಸುಧಾಳ ಸೊಸೆಯ ಎದುರಿಗೆ ಕೂತು, ಕೋಲನ್ನು ಕುರ್ಚಿಯ ಬೆನ್ನಿಗೆ ಸಿಕ್ಕಿಸಿ, ಅಷ್ಟು ಜನ ಹೆಂಗಸರನ್ನು ಕಣ್ಣಿನಲ್ಲೇ ಆಚೀಚೆ ಸರಿಸಿದಳು. ಯಾರೂ ಪಿಳಿಪಿಳಿ ನೋಡಲಿಲ್ಲ. ಅವರವರಿಗೆ ಅವರವರ ಸೀರೆಯ ಚಿಂತೆ. ಊಟಕ್ಕೆ ಕೂತಾಗ ಅಜ್ಜಿ ಇಡೀ ಪಡಸಾಲೆಗೆ ಕೇಳುವಂತೆ ಕೇಳಿದರು: "ಈ ಹುಡುಗಿ ಬರಬಾರದು ಅಂತ ಯಾವ ಹಿರೇರು ಅಂದ್ರಂತವಾ? ನಾ ಅಂತೂ ಅಲ್ಲ. ನನ್ನ ಬಿಟ್ರ ಇಲ್ಲೆ ಹಿರೇರು ಯಾರಿದ್ದಾರ?"

ಸುಧಾ ಸೆರಗು ಸರಿಮಾಡಿಕೊಂಡಳು. ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತ, ವಯಸ್ಸು ಅಳೆಯುತ್ತ ಅಳೆಯುತ್ತ, ಕಡೆಗೆ ಎಲ್ಲರ ಕಣ್ಣೂ ನನ್ನ ಹತ್ತಿರ ಬಂದು ನಿಂತವು. ಹೌದಲ್ಲ. ಜೀವಮಾನವೆಲ್ಲ ಹಿರಿಯರು ಏನನ್ನುತ್ತಾರೋ ಎಂದು ಹೆದರಿಕೊಂಡೇ ಬಂದವಳು ನಾನು. ಅವರೆಲ್ಲ ಯಾವಾಗಲೋ ಹೋಗಿಬಿಟ್ಟಿದ್ದಾರೆ. ಹಳೇ ಮಂದಿ ಅನ್ನುತ್ತಾರೆ ಎಂದು ನಾನು ಫೋನಿನಲ್ಲಿ ಹೇಳಿದ್ದನ್ನು ನನ್ನ ಹೊರತು ಯಾರೂ ಅಂದಿರಲಿಲ್ಲ. ನಾನು ಹೋಳಿಗೆಯ ಮೇಲೆ ತುಪ್ಪ ಹರಡುವುದರಲ್ಲಿ ಮಗ್ನಳಾದೆ. ಆಗ ಎದುರಿನಿಂದ ಕ್ಲಿಕ್ ಎಂದು ಸಪ್ಪಳವಾಯಿತು.

ಆ ದಿನ ಮೂರು ಜನ ನೀಲವ್ವನ ನಂಬರು ಬರೆದುಕೊಂಡರು. ಒಬ್ಬರು ಅಲ್ಲಿಯೇ ತೊಟ್ಟಿಲ ಕಾರ್ಯಕ್ಕೆ ದಿನ ಹೇಳಿದರು. ನಮ್ಮ ಕ್ಲಬ್ಬಿನ ಸಾಧನೆ ಎಂದು ಮಿನಿಟ್ಸ್‌ನಲ್ಲಿ ಬರೆಯಲು ಪೆನ್ನು ತೆಗೆದೆ, ಮತ್ತೆ ಕ್ಯಾಪು ಹಾಕಿದೆ.

ಮುಂದಿನ ಮೀಟಿಂಗಿಗೆ ನೀಲವ್ವ ಕುಬಸದ ಫೋಟೋಗಳನ್ನು ತಂದಳು. ನಮ್ಮ ಕ್ಲಬ್ಬಿನಲ್ಲಿ ಒಂದು ಪದ್ಧತಿ ಇದೆ. ನಾನು ಹಾಕಿಕೊಟ್ಟದ್ದಲ್ಲ, ಆದ್ದರಿಂದ ಚೆನ್ನಾಗಿ ನಡೆದುಕೊಂಡು ಬಂದಿದೆ. ಯಾರ ಫೋಟೋ ಬಂದರೂ ಒಬ್ಬರು ಅದನ್ನು ಈರಪ್ಪನಿಗೆ ಬಾಯಿಂದ ಹೇಳಬೇಕು. ಪಾಳಿ ಪ್ರಕಾರ. ಹೇಳಲಾರೆ ಅನ್ನುವಂತಿಲ್ಲ. ಒಂದೊಂದೇ ಫೋಟೋ ಕೈಯಿಂದ ಕೈಗೆ ಬರುತ್ತ, ನನ್ನ ಪಾಳಿಗೆ ಬಂದದ್ದು ಊಟದ ಹೊತ್ತಿನ ಆ ಕ್ಲಿಕ್ಕೇ. ವೈನಿ ಇಣುಕಿ ನೋಡಿ, ಬಾಯಿಗೆ ಸೆರಗು ಹಿಡಿದು ಒಳಗೆ ಹೋದಳು.

"ಹೇಳ್ರಿ ಅಕ್ಕೋರ, ಏನೈತಿ?" ಎಂದ ಈರಪ್ಪ.

"ಒಬ್ಬಾಕಿ ಮುದುಕಿ ಊಟಕ್ಕ ಕೂತಾಳ. ಮುಂದ ಹೋಳಿಗಿ ಅದ. ಲೈಟಿಂಗ್ ಬಹಳ ಸಾಫ್ಟ್ ಅದ, ಕಿಡಕಿಯಿಂದ ಬಂದದ್ದು."

"ಲೈಟಿಂಗ್ ತಗೊಂಡು ನಾ ಏನ್ ಮಾಡ್ಲಿ? ಮಾರಿ ಹೆಂಗೈತಿ ಹೇಳ್ರಿ."

ನೀಲವ್ವ ಸೂಜಿಗೆ ದಾರ ಪೋಣಿಸುತ್ತಿದ್ದಳು. ನಾನು ಫೋಟೋವನ್ನು ಇನ್ನೊಮ್ಮೆ ನೋಡಿದೆ. "ತನ್ನ ಮನಸಿನ್ಯಾಗಿದ್ದದ್ದನ್ನ ಮಂದಿ ಹೆಸರಿನ ಮ್ಯಾಲ ಹೇಳಿ, ಸಿಕ್ಕೊಂಡಾಕಿ ಮಾರಿ ಹೆಂಗಿರ್ತದ ಹಂಗದ" ಎಂದೆ.

ಈರಪ್ಪ ತೊಡೆ ತಟ್ಟಿಕೊಂಡ. "ಆಹಾ! ಇಷ್ಟು ಛಲೋ ಫೋಟೋ ನಾ ಇನ್ನೂ ಕೇಳೇ ಇಲ್ಲ ಬಿಡ್ರಿ. ಇನ್ನೊಮ್ಮೆ ಹೇಳ್ರಿ."

ಇನ್ನೊಮ್ಮೆ ಹೇಳಿದೆ. ಎರಡನೆಯ ಸಲ ಸ್ವಲ್ಪ ಹಗುರಾಯಿತು. ಆದರೂ ಆ ಮುದುಕಿ ಯಾರೆಂದು ಮಾತ್ರ ನಾನು ಹೇಳಲಿಲ್ಲ. ಈರಪ್ಪನೂ ಕೇಳಲಿಲ್ಲ. ಅವನಿಗೆ ನನ್ನ ದನಿ ಗೊತ್ತು.